ವಜ್ರದಂಥ ಗಾಜು

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವನನ್ನು ಎಲ್ಲರೂ ಕೊಂಕಪ್ಪ ಎಂದು ಕರೆಯುತ್ತಿದ್ದರು. ಹೆಸರು ಇಟ್ಟವರು ಯಾರೋ ಗೊತ್ತಿಲ್ಲ, ಆದರೆ ಹುಡುಕಿ ಇಟ್ಟಿದ್ದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವನು ಯಾರಿಗಾದರೂ ನೇರವಾಗಿ ಉತ್ತರ ಕೊಟ್ಟಿದ್ದನ್ನು ಕಂಡವರಿಲ್ಲ. ಮಳೆಯಲ್ಲಿ ತೊಯ್ದು ಬಂದವನಿಗೆ "ಸ್ನಾನ ಮುಗೀತಾ?" ಎನ್ನುವನು. ತಡವಾಗಿ ಬಂದ ಸೂಪರ್‌ವೈಸರಿಗೆ "ಇಷ್ಟು ಬೇಗ ಎದ್ದು ಆರೋಗ್ಯ ಕೆಡಿಸ್ಕೋಬೇಡಿ ಸಾರ್" ಎನ್ನುವನು. ಕೇಳಿದವರೆಲ್ಲ ನಗುತ್ತಿದ್ದರು. ಮನೆಯಲ್ಲಿ ಹೆಂಡತಿ ಮಾತ್ರ ನಗುತ್ತಿರಲಿಲ್ಲ.

ಮನೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ ಎರಡು ಕೋಣೆ. ಕೆಳಗೆ ಲೋಡರ್ ಒಬ್ಬನ ಸಂಸಾರ. ಬಾಗಿಲ ಮುಂದಿನ ಚರಂಡಿಯಲ್ಲಿ ಅಂದಂದಿನ ಬಣ್ಣದ ನೀರು ಹರಿಯುತ್ತಿತ್ತು. ಆ ಮಂಗಳವಾರ ಸಂಜೆ ನೀಲಿ ಹರಿಯುತ್ತಿತ್ತು. ಹೆಂಡತಿ ಆಸ್ಪತ್ರೆಯಿಂದ ಆಗಷ್ಟೇ ಬಂದು ಚಹಾ ಮಾಡಿಕೊಟ್ಟಿದ್ದಳು. ಸುಟ್ಟಗಾಯದ ವಾರ್ಡಿನಲ್ಲಿ ಅವಳು ಆಯಾ.

"ಚಹಾ ಹೇಗಿದೆ?" ಎಂದಳು.

ಕೊಂಕಪ್ಪ ಒಂದು ಗುಟುಕು ಕುಡಿದು, "ಸಕ್ಕರೆ ಫ್ಯಾಕ್ಟ್ರಿ ಮುಚ್ಚಿಹೋಯ್ತಂತೆ, ನಿಂಗೂ ಸುದ್ದಿ ಬಂತಾ?" ಎಂದ.

"ಸಕ್ಕರೆ ಕಮ್ಮಿ ಆಗಿದೆ ಅನ್ನೋಕೆ ಏನ್ರೀ ಕಷ್ಟ ನಿಮಗೆ? ಈ ಮನೇಲಿ ನೆಟ್ಟಗೆ ಮಾತಾಡೋದು ಕುಕ್ಕರ್ ಒಂದೇ."

"ಅವನನ್ನ ಯಾಕೆ ಬೈತೀಯಮ್ಮ," ಎಂದಳು ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಅತ್ತೆ. "ಬಾಯಿ ಅವನದು, ನಾಲಿಗೆ ನಂದು."

ಅದೂ ನಿಜವೇ. ಎಪ್ಪತ್ತಾರರ ಆ ಮುದುಕಿಯ ಮಾತಿಗೆ ಬೀದಿಯ ತರಕಾರಿಯವನು ಈಗಲೂ ಹೆದರುತ್ತಿದ್ದ.

ಮಗಳು ನೆಲದ ಮೇಲೆ ಉತ್ತರಪತ್ರಿಕೆ ಹರಡಿಕೊಂಡು ಕೂತಿದ್ದಳು. ಹೈಸ್ಕೂಲಿನಲ್ಲಿ ಭಾಷೆಯ ಪಾಠ ಮಾಡುವ ಟೀಚರು ಅವಳು, ಸೇರಿ ಎರಡು ವರ್ಷ. "ಅಪ್ಪ, ಇಲ್ಲಿ ಕೇಳು. ವ್ಯಂಗ್ಯ ಎಂದರೇನು, ಒಂದು ಉದಾಹರಣೆ ಕೊಡಿ ಅಂತ ಪ್ರಶ್ನೆ. ಒಬ್ಬಳು ಬರ್ದಿದ್ದಾಳೆ, 'ನಮ್ಮ ಟೀಚರ್ ಬಹಳ ಒಳ್ಳೆಯವರು.' ಇದಕ್ಕೆ ಅಂಕ ಕೊಡ್ಲಾ ಬೇಡ್ವಾ?"

"ಕೊಟ್ರೆ ನೀನು ಕೆಟ್ಟೋಳು ಅಂತ ಒಪ್ಕೊಂಡ ಹಾಗೆ. ಕೊಡದೇ ಇದ್ರೆ ಹೇಗೂ ಕೆಟ್ಟೋಳು."

ಅಜ್ಜಿ ಕೆಮ್ಮುವಷ್ಟು ನಕ್ಕಳು. ಆ ಮನೆಯಲ್ಲಿ ಹಾಗೆ ನಕ್ಕಿದ್ದು ಅದೇ ಕೊನೆ, ಬಹಳ ದಿನಗಳ ಮಟ್ಟಿಗೆ.

ಮರುದಿನ ಕೊಂಕಪ್ಪನ ಪಾಳಿ ಮಧ್ಯಾಹ್ನ ಎರಡಕ್ಕೆ ಮುಗಿಯಿತು. ಐದು ನಿಮಿಷದ ದಾರಿ. ಮನೆಗೆ ಬಂದು ಬಚ್ಚಲಲ್ಲಿ ಕೈಗೆ ಸೋಪು ಹಚ್ಚುತ್ತಿದ್ದಾಗ ಕಾರ್ಖಾನೆಯ ಸೈರನ್ ಕೂಗಿತು. ಪಾಳಿ ಬದಲಾಗುವಾಗಿನ ಮೊಟಕು ಕೂಗಲ್ಲ, ಉದ್ದನೆಯದು, ನಿಲ್ಲದೆ ಕೂಗುವಂಥದು. ಅಜ್ಜಿ ಬಾಗಿಲಿಗೆ ಬಂದು ನೋಡಿದಳು. ಮಗ ನಲ್ಲಿ ನಿಲ್ಲಿಸದೆ, ಸೋಪಿನ ಕೈ ಹಾಗೆಯೇ ಮುಂದೆ ಹಿಡಿದು ನಿಂತಿದ್ದ.

"ಗಾಜು," ಎಂದ.

"ಏನು ಗಾಜು?"

ಅರ್ಧ ಗಂಟೆ ಕಳೆದು ಲೋಡರ್ ಮೆಟ್ಟಿಲು ಹತ್ತಿ ಓಡಿಬಂದು ಸುದ್ದಿ ಹೇಳಿದ. ಬಾಯ್ಲರಿನ ಗೇಜ್ ಗ್ಲಾಸು ಸಿಡಿದಿತ್ತು. ಒಳಗೆ ಎಷ್ಟು ನೀರಿದೆ ಎಂದು ತೋರಿಸುವ, ಮೊಳದುದ್ದದ ಗಾಜಿನ ಕೊಳವೆ ಅದು. ಪಾಳಿಗೆ ಬಂದವನು ಮೊದಲು ಅದರ ಕೆಳಗಿನ ನಲ್ಲಿ ತಿರುಗಿಸಿ, ನೀರು ಇಳಿದು ಏರುವುದನ್ನು ಹತ್ತಿರ ನಿಂತು ನೋಡಬೇಕು. ಎರಡನೇ ಪಾಳಿಯವನು ಹಾಗೆ ನೋಡುತ್ತಿದ್ದಾಗ ಕುದಿನೀರು, ಆವಿ, ಗಾಜಿನ ಚೂರು ಎಲ್ಲ ಒಟ್ಟಿಗೆ ಅವನ ಮುಖಕ್ಕೇ ಹಾರಿದ್ದವು. ಅವನು ಸೇರಿ ಎರಡೂವರೆ ತಿಂಗಳಷ್ಟೇ ಆಗಿತ್ತು. ಬೇರೆ ಭಾಷೆಯ ಸೀಮೆಯಿಂದ ಬಂದ ನಲವತ್ತು ದಾಟಿದ ಮನುಷ್ಯ. ಕಾರ್ಖಾನೆಯಲ್ಲಿ ಅವನಿಗೆ ಹೊಸಬ ಎಂದೇ ಹೆಸರು.

ಕೊಂಕಪ್ಪನ ಹೆಂಡತಿ ಅಂದು ಸಂಜೆ ಏಳಕ್ಕೆ ಬಂದಳು. ಚೀಲ ಕೆಳಗಿಡದೆ ನಿಂತೇ ಹೇಳಿದಳು. "ನಿಮ್ಮ ಫ್ಯಾಕ್ಟ್ರಿಯವನನ್ನ ನಮ್ಮ ವಾರ್ಡಿಗೇ ತಂದ್ರು. ಮುಖ, ಕುತ್ತಿಗೆ, ಎರಡು ಕೈ. ಬಲಗಣ್ಣು ಉಳಿಯೋದು ಕಷ್ಟ ಅಂತಾರೆ ಡಾಕ್ಟ್ರು. ಅವನ ಹೆಂಡ್ತಿ ಒಂದು ಹನಿ ನೀರು ಕುಡೀದೆ ಕೂತಿದ್ದಾಳೆ."

ಅನ್ನ, ಮೊಟ್ಟೆ, ಬೇಯಿಸಿದ ಆಲೂಗಡ್ಡೆ ಬಡಿಸಿದಳು. ಕೊಂಕಪ್ಪ ತಟ್ಟೆ ಮುಂದೆ ಕೂತ. ತುತ್ತು ಕಲಸಿದ, ಮತ್ತೆ ಕಲಸಿದ, ಬಾಯಿಗೆ ಇಡಲಿಲ್ಲ. ಮೊಟ್ಟೆ ಸಪ್ಪೆಯಾಗಿತ್ತು. ಅವನು ಏನಾದರೂ ಅನ್ನಲಿ ಎಂದು ಮೂವರೂ ಕಾದರು. ಅವನು ಏನೂ ಅನ್ನಲಿಲ್ಲ. ಮಗಳಿಗೆ ಅಲ್ಲಿಂದಲೇ ಹೆದರಿಕೆ ಶುರುವಾಯಿತು.

ಕಾರ್ಖಾನೆಯಿಂದ ಮರುದಿನವೇ ಚೀಟಿ ಬಂತು. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬಾರದು, ಎರಡು ವಾರದೊಳಗೆ ಲಿಖಿತ ಹೇಳಿಕೆ ಕೊಡಬೇಕು, ಆಮೇಲೆ ಸರ್ಕಾರದ ಬಾಯ್ಲರ್ ಇನ್ಸ್‌ಪೆಕ್ಟರ್ ಬಂದು ಕೇಳುತ್ತಾರೆ.

ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಸೂಪರ್‌ವೈಸರ್ ಮನೆಗೇ ಬಂದ. ಕೈಯಲ್ಲಿ ಸೇಬಿನ ಚೀಲ. ಇದ್ದ ಒಂದೇ ಕುರ್ಚಿಯಲ್ಲಿ ಕೂತು, ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದ ಲಾಗ್ ಬುಕ್ಕಿನ ಪುಟದ ಫೋಟೋ ತೋರಿಸಿದ. ಪ್ರತಿ ಪಾಳಿಯವನೂ ಬಾಯ್ಲರಿನ ಸ್ಥಿತಿ ಬರೆದು ಸಹಿ ಹಾಕುವ ಪುಸ್ತಕ ಅದು.

"ಓದಮ್ಮ ಟೀಚರೇ, ನಿಮ್ಮಪ್ಪನ ಅಕ್ಷರ," ಎಂದು ಮಗಳ ಕೈಗೆ ಕೊಟ್ಟ.

ಮಗಳು ಓದಿದಳು. "ಗೇಜ್ ಗ್ಲಾಸು ವಜ್ರದಂತಿದೆ. ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ." ಕೆಳಗೆ ಅಪ್ಪನ ಸಹಿ, ಅಪಘಾತದ ದಿನದ ತಾರೀಖು.

"ಅದು ನಿಮಗೆ ಬರ್ದಿದ್ದು ಸಾರ್," ಎಂದ ಕೊಂಕಪ್ಪ. "ಬಿರುಕು ಬಿಟ್ಟಿದೆ, ಬದಲಾಯಿಸಿ ಅಂತ ಹಳೇ ಪುಸ್ತಕದಲ್ಲಿ ಮೂರು ಸಲ ಬರ್ದೆ. ಮೂರು ಸಲಾನೂ 'ನೋಡಿದೆ' ಅಂತ ಸಹಿ ಮಾಡಿದ್ರಿ. ಗಾಜು ಬರ್ಲಿಲ್ಲ. ಅದಕ್ಕೇ…"

"ಗೊತ್ತಯ್ಯ. ಬೇರೆ ದಿನ ಓದಿದ್ರೆ ನಾನೂ ನಗ್ತಿದ್ದೆ. ಆದ್ರೆ ಇನ್ಸ್‌ಪೆಕ್ಟರು ನಗೋಕೆ ಬರಲ್ಲ." ಸೂಪರ್‌ವೈಸರ್ ಕುರ್ಚಿ ಮುಂದೆ ಎಳೆದುಕೊಂಡ. "ಕೇಳಿಲ್ಲಿ. ಹಳೇ ಪುಸ್ತಕ ತುಂಬಿಹೋಯ್ತು, ಸ್ಟೋರಿಗೆ ಹೋಯ್ತು. ಅದರ ಮಾತು ನೀನು ಎತ್ತಬೇಡ, ನಾನೂ ಎತ್ತಲ್ಲ. ಗಾಜು ನಿಜವಾಗ್ಲೂ ಚೆನ್ನಾಗಿತ್ತು, ಹೊಸಬ ನಲ್ಲಿ ಒರಟಾಗಿ ತಿರುಗಿಸ್ದ, ಒಡೀತು. ನೀನು ಬರ್ದಿರೋದೂ ಅದನ್ನೇ ಹೇಳುತ್ತೆ. ನಿನಗೇನೂ ಆಗಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಬಿರುಕಿದೆ ಅಂತ ಗೊತ್ತಿದ್ದೂ ಚೆನ್ನಾಗಿದೆ ಅಂತ ಬರ್ದೋನು ನೀನು. ನನ್ನ ಕೆಲಸ ಹೋಗಬಹುದು. ನೀನು ಜೈಲಿಗೆ ಹೋಗ್ತೀಯ."

ಅವನು ಮೆಟ್ಟಿಲಿಳಿದು ಹೋದ ಮೇಲೂ ಯಾರೂ ಅನ್ನಕ್ಕೆ ಕೈ ಹಾಕಲಿಲ್ಲ. ಮೊದಲು ಮಾತಾಡಿದವಳು ಹೆಂಡತಿ.

"ಒಪ್ಕೊಳ್ಳಿ."

"ಅಮ್ಮಾ!" ಎಂದಳು ಮಗಳು. "ಅಂದ್ರೆ ಆ ಮನುಷ್ಯನ ತಲೆ ಮೇಲೆ ಹಾಕೋದಾ? ಸುಟ್ಕೊಂಡು ಮಲಗಿರೋನೂ ಅವನೇ, ತಪ್ಪು ಮಾಡಿದೋನೂ ಅವನೇನಾ?"

"ದಿನಾ ಅವನ ಹಾಸಿಗೆ ಬದಲಾಯಿಸೋಳು ನಾನು. ಚಾದರಕ್ಕೆ ಅಂಟಿಕೊಂಡಿರೋ ಚರ್ಮ ಬಿಡಿಸೋಳು ನಾನು. ನೀನು ನನಗೆ ಪಾಠ ಮಾಡಬೇಡ. ನಾನ್ಯಾರು, ಯಾರ ಹೆಂಡ್ತಿ ಅಂತ ಅವರಿಗೆ ಗೊತ್ತಾದ್ರೆ ಏನಾಗುತ್ತೋ ಅಂತ ದಿನಾ ಜೀವ ಕೈಯಲ್ಲಿ ಹಿಡ್ಕೊಂಡು ಹೋಗ್ತೀನಿ." "ಇಪ್ಪತ್ತೈದು ವರ್ಷ ಈ ಮನುಷ್ಯ ಆಡಿದ್ದಕ್ಕೆಲ್ಲ ಉಲ್ಟಾ ಅರ್ಥ ಹುಡುಕಿ ಹುಡುಕಿ ಸಾಕಾಯ್ತು ನಂಗೆ. ಒಂದೇ ಒಂದು ಸಲ, ಬರ್ದಿದ್ದು ಬರ್ದ ಹಾಗೇ ಇರ್ಲಿ. ಅಷ್ಟೇ ಕೇಳ್ತಿರೋದು."

"ಅತ್ತೆ, ನೀವಾದ್ರೂ ಹೇಳಿ" ಎಂದು ಮುದುಕಿಯ ಕಡೆ ತಿರುಗಿದಳು. ಎಂದೂ ಮಾತಿಗೆ ತಡವರಿಸದ ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು. ಕೊನೆಗೆ ಮಗನನ್ನು ಕೇಳಿದಳು. "ಗಾಜು ಒಡ್ದಿತ್ತು ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

ಮುದುಕಿ ಎದ್ದು ಒಳಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

ಆಮೇಲಿನ ದಿನಗಳಲ್ಲಿ ಆ ಎರಡು ಕೋಣೆಗಳಲ್ಲಿ ಸದ್ದೆಂದರೆ ಪಾತ್ರೆಯದು. ಮೆಟ್ಟಿಲ ಮೇಲೆ ಯಾರದಾದರೂ ಚಪ್ಪಲಿ ಸದ್ದಾದರೆ ಹೆಂಡತಿಯ ಕೈಯ ಸೌಟು ನಿಲ್ಲುತ್ತಿತ್ತು. ಒಂದು ಸಂಜೆ ಪೊಲೀಸ್ ಜೀಪು ಬೀದಿಯಲ್ಲಿ ನಿಂತಾಗ ಅವಳು ಒಲೆ ಆರಿಸಿ, ಬಾಗಿಲಿಗೆ ಅಗುಳಿ ಹಾಕಿ, ಹಾಗೆ ಮಾಡಿದ್ದಕ್ಕೆ ತಾನೇ ನಾಚಿ, ಮತ್ತೆ ತೆಗೆದಳು. ಜೀಪು ಎದುರು ಮನೆಯ ಜಗಳಕ್ಕೆ ಬಂದಿತ್ತು. ಸೇಬುಗಳನ್ನು ಯಾರೂ ಮುಟ್ಟಲಿಲ್ಲ. ಚೀಲದಲ್ಲೇ ಸುಕ್ಕುಗಟ್ಟಿದವು.

ಕೊಂಕಪ್ಪ ಮನೆಯಲ್ಲೇ ಇರುತ್ತಿದ್ದ. ಕೇಳದೆಯೇ ಆಲೂಗಡ್ಡೆ ಹೆಚ್ಚುತ್ತಿದ್ದ, ಬಟ್ಟೆ ಒಗೆಯುತ್ತಿದ್ದ, ನೆಲ ಒರೆಸುತ್ತಿದ್ದ. ಒಂದು ಬೆಳಿಗ್ಗೆ ಹೆಂಡತಿ ಅಭ್ಯಾಸಬಲದಿಂದ "ಚಹಾ ಹೇಗಿದೆ?" ಎಂದು ಕೇಳಿದಳು.

"ಚೆನ್ನಾಗಿದೆ."

ಅವಳು ಅವನ ಲೋಟ ಕಿತ್ತುಕೊಂಡು ತಾನೇ ಕುಡಿದು ನೋಡಿದಳು. ಸಕ್ಕರೆ ಸರಿಯಾಗಿತ್ತು, ಹದವಾಗಿ ಕುದಿದಿತ್ತು. ಚಹಾ ನಿಜಕ್ಕೂ ಚೆನ್ನಾಗಿತ್ತು.

"ಯಾಕ್ರೀ ಹೀಗೆ ಮಾಡ್ತಿದ್ದೀರಾ?" ಎಂದು ಅಳತೊಡಗಿದಳು. ಅವನಿಗೆ ತಾನು ಮಾಡಿದ್ದೇನು ಎಂದು ತಿಳಿಯಲಿಲ್ಲ.

ಹೇಳಿಕೆ ಬರೆಯುವ ಕೆಲಸ ಮಗಳ ಪಾಲಿಗೆ ಬಂತು. ಎರಡು ಕರಡು ಬರೆದಳು. ಒಂದು ಅಮ್ಮ ಹೇಳಿದಂತೆ, ಒಂದು ತನಗೆ ತೋಚಿದಂತೆ. ಎರಡನೆಯದರಲ್ಲಿ 'ಸದರಿ ವಾಕ್ಯವನ್ನು ವ್ಯಂಗ್ಯವಾಗಿ ಬರೆಯಲಾಗಿದ್ದು, ಅದರ ಅರ್ಥ ತದ್ವಿರುದ್ಧವಾಗಿರುತ್ತದೆ' ಎಂದಿತ್ತು. ಅದನ್ನು ಓದಿಕೊಂಡಾಗಲೆಲ್ಲ ಅವಳು ಪೆನ್ನು ಕೆಳಗಿಡುತ್ತಿದ್ದಳು. ತರಗತಿಯಲ್ಲಿ ಐದು ಅಂಕದ ಪ್ರಶ್ನೆಗೆ ಮಕ್ಕಳು ಬರೆದ ಮಾತೇ ಅದು.

ಶುಕ್ರವಾರ ಸಂಜೆ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಅಪ್ಪನ ಹತ್ತಿರ ಹೋದಳು.

"ಅಪ್ಪ, ಒಂದು ಮಾತು. ಪುಸ್ತಕದಲ್ಲಿ ಹಾಗೆ ಬರ್ದೆ, ಸರಿ. ಹೊಸಬನಿಗೆ ಬಾಯಲ್ಲಾದ್ರೂ ಹೇಳಿರ್ತೀಯಲ್ವಾ, ಗಾಜು ಸರಿ ಇಲ್ಲ, ದೂರ ನಿಂತ್ಕೋ ಅಂತ? ಹೇಳಿದ್ರೆ ಅದನ್ನೇ ಮೊದಲು ಬರೀತೀನಿ."

ಕೊಂಕಪ್ಪ ಒಂದು ಅಂಗಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ.

"ಅವನೇ ಕೇಳಿದ್ದ," ಎಂದ.

"ಏನಂತ?"

"'ಅಣ್ಣಾ, ಗಾಜಿನ ಹತ್ರ ಹನಿ ಹನಿ ನೀರು ಕಾಣುತ್ತೆ. ಗಾಜು ಸರಿ ಇದೆಯಾ?' ಅಂತ. ಅವತ್ತೇ. ಶಿಫ್ಟ್ ಬದಲಾಗೋವಾಗ."

"ನೀನೇನಂದೆ?"

"'ನಿನ್ನ ಆಯಸ್ಸಿಗಿಂತ ಗಟ್ಟಿ' ಅಂದೆ."

ಮಗಳು ತಂತಿ ಹಿಡಿದುಕೊಂಡಳು. "ಅವನು ನಗಲಿಲ್ವಾ?"

"ನಕ್ಕ. ನಾನು ನಕ್ಕಿದ್ದಕ್ಕೆ ನಕ್ಕ." ಅವನು ಅಂಗಿಯನ್ನು ಎದೆಗೆ ಒತ್ತಿಕೊಂಡಿದ್ದ. "ಅರ್ಥ ಆಗಿದೆ ಅಂದ್ಕೊಂಡೆ."

"ಅವನಿಗೆ ನಮ್ಮ ಭಾಷೆ ಹೊಸದು ಅಂತ ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಅಕ್ಷರ ಕೂಡಿಸಿಕೊಂಡು ಓದ್ತಾನೆ. ಬೆರಳಿಟ್ಟು."

ಅವಳಿಗೆ ಅಪ್ಪನ ಮೇಲೆ ಕೂಗಾಡಬೇಕೆನಿಸಿತು. ಆದರೆ ಅವನ ಮುಖ ನೋಡಿ ಕೂಗಾಡಲು ಆಗಲಿಲ್ಲ. ಇಬ್ಬರೂ ಬಟ್ಟೆ ಹೊತ್ತು ಕೆಳಗಿಳಿದರು.

ಅಂದಿನ ಊಟದಲ್ಲಿ ಕೊಂಕಪ್ಪ ಹೆಂಡತಿಗೆ ಹೇಳಿದ. "ನಾಳೆ ನಿನ್ನ ಜೊತೆ ಆಸ್ಪತ್ರೆಗೆ ಬರ್ತೀನಿ."

"ಬೇಡ. ನಿಮ್ಮ ದಮ್ಮಯ್ಯ, ಬೇಡ. ನಾನ್ಯಾರು ಅಂತ ಗೊತ್ತಾಗಿಬಿಡುತ್ತೆ."

"ಗೊತ್ತಾಗ್ಲಿ."

"ನೋಡಿ ಬರೋದಾದ್ರೆ ಸರಿ. ಬೇರೇನೂ ಮಾತಾಡಲ್ಲ ಅಂತ ಮಾತು ಕೊಡಿ."

ಅವನು ಮಾತು ಕೊಡಲಿಲ್ಲ.

ವಾರ್ಡಿನಲ್ಲಿ ಹದಿನಾಲ್ಕು ಮಂಚ. ಹೊಸಬನದು ಕಿಟಕಿಯ ಪಕ್ಕ. ಮುಖದ ಮುಕ್ಕಾಲು ಭಾಗಕ್ಕೆ ಬಟ್ಟೆ ಸುತ್ತಿತ್ತು. ಎಡಗಣ್ಣು, ಬಾಯಿ ಮಾತ್ರ ಕಾಣುತ್ತಿದ್ದವು. ಅವನ ಹೆಂಡತಿ ಸ್ಟೂಲಿನ ಮೇಲೆ ಕೂತು ಚಮಚದಲ್ಲಿ ಗಂಜಿ ತಿನ್ನಿಸುತ್ತಿದ್ದಳು. ಆಯಾಳನ್ನು ಕಂಡು ಬಾ ಅಕ್ಕಾ ಎನ್ನುವಂತೆ ತಲೆಯಾಡಿಸಿದಳು. ಆಯಾಳ ಕಾಲುಗಳು ಅಲ್ಲೇ ನಿಂತವು.

"ಹೇಗಿದ್ದೀಯಪ್ಪ?" ಎಂದ ಕೊಂಕಪ್ಪ.

ಹೊಸಬ ಧ್ವನಿ ಗುರುತು ಹಿಡಿದ. ಏಳಲು ನೋಡಿದ. "ಅಣ್ಣಾ! ತಪ್ಪಾಯ್ತಣ್ಣಾ. ಅಷ್ಟು ಚೆನ್ನಾಗಿದ್ದ ಗಾಜು, ಒಡೆದುಬಿಟ್ಟೆ ನಾನು."

ಕೊಂಕಪ್ಪ ಮಂಚದ ಕಂಬಿ ಹಿಡಿದುಕೊಂಡ.

"ನಲ್ಲಿ ಜೋರಾಗಿ ತಿರುಗಿಸಿದೆ ಅನ್ಸುತ್ತೆ," ಎಂದ ಹೊಸಬ, ಒಂದೊಂದೇ ಪದ ಹುಡುಕಿ. "ಸೂಪರ್‌ವೈಸರ್ ಸಾರ್ ಬಂದಿದ್ರು. ಹಾಗೇ ಆಗಿದ್ದು ಅಂದ್ರು. ಸೋಮವಾರ ಕಾಗದ ತರ್ತಾರಂತೆ, ಕೈ ಸುಟ್ಟಿದೆಯಲ್ಲ, ಹೆಬ್ಬೆಟ್ಟು ಒತ್ತಿದ್ರೆ ಸಾಕಂತೆ. ನಿಮಗೆ ತೊಂದರೆ ಆಯ್ತಾ ಅಣ್ಣಾ ನನ್ನಿಂದ?"

"ಒತ್ತಬೇಡ," ಎಂದ ಕೊಂಕಪ್ಪ. "ಗಾಜು ಮೊದಲೇ ಬಿರುಕು ಬಿಟ್ಟಿತ್ತು. ನಾಲ್ಕು ತಿಂಗಳಿಂದ. ನಂಗೆ ಗೊತ್ತಿತ್ತು."

ಗಂಜಿಯ ಚಮಚ ಬಟ್ಟಲಿನ ಅಂಚಿಗೆ ತಾಗಿ ಸದ್ದಾಯಿತು. ಹೊಸಬನ ಎಡಗಣ್ಣು ಅವನ ಮೇಲೇ ನೆಟ್ಟಿತ್ತು.

"ಗಟ್ಟಿ ಇದೆ ಅಂದ್ರಿ."

"ಅಂದೆ."

"ಪುಸ್ತಕದಲ್ಲೂ ಬರ್ದಿದ್ರಿ."

"ಬರ್ದಿದ್ದೆ."

"ಗಟ್ಟಿ ಇರ್ಲಿಲ್ವಾ?"

"ಇರ್ಲಿಲ್ಲ."

"ಮತ್ತೆ ಯಾಕೆ?"

ಕೊಂಕಪ್ಪ ವಿವರಿಸಲು ಹೊರಟ. ಸೂಪರ್‌ವೈಸರಿಗೆ ನಾಚಿಕೆಯಾಗಲಿ ಎಂದು ಹಾಗೆ ಬರೆದೆ. ಓದಿದವರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ವಜ್ರ ಅಂದರೆ ವಜ್ರ ಅಲ್ಲ. ನಾನು ಯಾವಾಗಲೂ ಹಾಗೆಯೇ. ಹೇಳುತ್ತಾ ಹೋದಂತೆ ಒಂದೊಂದು ಮಾತೂ ಅವನ ಕಿವಿಗೇ ಹುಚ್ಚುಹುಚ್ಚಾಗಿ ಕೇಳಿಸತೊಡಗಿತು. ನಡುವೆಯೇ ನಿಲ್ಲಿಸಿದ.

ಹೊಸಬ ಹೇಳಿದ. "ಸೂಪರ್‌ವೈಸರ್ ಸಾರ್ ಮೂರು ಗಂಟೆಗೆ ಬಂದು ಓದ್ತಾರೆ ಅಣ್ಣಾ. ನಾನು ಎರಡು ಗಂಟೆಗೆ ಓದ್ತೀನಿ."

ಅವನ ಹೆಂಡತಿಗೆ ಎಷ್ಟು ಅರ್ಥವಾಯಿತೋ ತಿಳಿಯಲಿಲ್ಲ. ಅವಳು ಕೊಂಕಪ್ಪನನ್ನು ನೋಡಿದಳು, ಆಮೇಲೆ ಅವನ ಬೆನ್ನ ಹಿಂದೆ ನಿಂತು ಅಳುತ್ತಿದ್ದ ಆಯಾಳನ್ನು ನೋಡಿದಳು. ಎದ್ದು ಹೋಗಿ ಆಯಾಳ ಕೈಯಲ್ಲಿದ್ದ ಚಾದರ ತೆಗೆದುಕೊಂಡಳು. ಅಂದಿನಿಂದ ಗಂಡನ ಹಾಸಿಗೆಯನ್ನು ತಾನೇ ಬದಲಾಯಿಸಿದಳು, ಆಯಾಳಿಗೆ ಮುಟ್ಟಲು ಕೊಡಲಿಲ್ಲ.

ಮಗಳ ಎರಡನೆಯ ಕರಡೇ ಹೋಯಿತು. ಕೊಂಕಪ್ಪನ ಹೆಂಡತಿ ತಡೆಯಲಿಲ್ಲ. "ನಿಮ್ಮ ಅಂಗಿ ಇಸ್ತ್ರಿ ಮಾಡಿದ್ದೀನಿ" ಎಂದಷ್ಟೇ ಹೇಳಿದಳು.

ವಿಚಾರಣೆ ಕಾರ್ಖಾನೆಯ ಆಫೀಸಿನಲ್ಲಿ. ಇನ್ಸ್‌ಪೆಕ್ಟರ್ ಒಬ್ಬ ಹೆಂಗಸು, ಕನ್ನಡಕ ಮೂಗಿನ ತುದಿಗೆ ಇಳಿದಿತ್ತು. ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ. ಎದುರು ಗೋಡೆಗೆ ಒರಗಿ ಸೂಪರ್‌ವೈಸರ್ ನಿಂತಿದ್ದ.

"ವಜ್ರದಂತಿದೆ. ಇದೇನ್ರೀ ಇದು?" ಎಂದಳು ಇನ್ಸ್‌ಪೆಕ್ಟರ್.

"ಸುಳ್ಳು, ಮೇಡಂ."

"ನಿಮ್ಮ ಹೇಳಿಕೆಯಲ್ಲಿ ವ್ಯಂಗ್ಯ ಅಂತಿದೆ?"

"ಮಗಳು ಟೀಚರು. ಅವಳಿಗೆ ಅದರ ಹೆಸರು ಗೊತ್ತು." "ಸೂಪರ್‌ವೈಸರ್ ಸಾರ್ ಓದಿದ್ರೆ ಅದು ವ್ಯಂಗ್ಯ ಮೇಡಂ. ಆ ಹೊಸಬ ಓದಿದ್ರೆ ಸುಳ್ಳು. ಸುಟ್ಟಿದ್ದು ಅವನಿಗೆ. ಸುಳ್ಳು ಅಂತಾನೇ ಬರ್ಕೊಳ್ಳಿ."

ಗುಮಾಸ್ತ ಬರೆಯುವುದನ್ನು ನಿಲ್ಲಿಸಿ ಇನ್ಸ್‌ಪೆಕ್ಟರ್ ಮುಖ ನೋಡಿದ. ಅವಳು ಬರಿ ಎನ್ನುವಂತೆ ಪೆನ್ನು ತೋರಿಸಿದಳು.

"ಹೀಗಂದ್ರೆ ನಿಮ್ಮ ಮೇಲೇ ಬರುತ್ತೆ, ಗೊತ್ತಲ್ಲ?"

"ಗೊತ್ತು ಮೇಡಂ. ಹಳೇ ಪುಸ್ತಕಾನೂ ತರಿಸಿ. ಅದರಲ್ಲಿ ಮೂರು ಸಲ ನಿಜ ಬರ್ದಿದ್ದೀನಿ."

ಸೂಪರ್‌ವೈಸರ್ ಗೋಡೆಯಿಂದ ಬೆನ್ನು ತೆಗೆದ. ಹಳೆಯ ಪುಸ್ತಕ ಹುಡುಕಲು ಎರಡು ದಿನ ಬೇಕಾಯಿತು. ಬಣ್ಣದ ಡ್ರಮ್ಮುಗಳ ಹಿಂದೆ, ನೀರು ತಾಗಿ ಉಬ್ಬಿ ಬಿದ್ದಿತ್ತು. ಮೂರು ಪುಟಗಳೂ ಇದ್ದವು, ಮೂರರ ಕೆಳಗೂ 'ನೋಡಿದೆ' ಇತ್ತು.

ಸೂಪರ್‌ವೈಸರಿನ ಕೆಲಸ ಹೋಯಿತು. ಆಸ್ಪತ್ರೆಯ ಖರ್ಚು ಪೂರ್ತಿ ಕಾರ್ಖಾನೆಯ ಮೇಲೆ ಬಿತ್ತು, ಹೊಸಬನಿಗೆ ಪರಿಹಾರವೂ ಬರುವುದೆಂದು ಆಯಿತು. ಕೊಂಕಪ್ಪನ ಬಾಯ್ಲರ್ ನಡೆಸುವ ಸರ್ಟಿಫಿಕೇಟ್ ರದ್ದಾಯಿತು. ಐವತ್ತೊಂದನೆಯ ವಯಸ್ಸಿನಲ್ಲಿ ಅವನನ್ನು ಗೋದಾಮಿಗೆ ಹಾಕಿದರು. ಬಟ್ಟೆಯ ಸುರುಳಿ ಹೊರುವ ಕೆಲಸ. ಅವನ ಮೇಲೆ ಕೇಸು ಹಾಕುವುದೋ ಬಿಡುವುದೋ ಮೇಲಿನವರು ತೀರ್ಮಾನಿಸುತ್ತಾರೆ, ಕರೆದಾಗ ಬರಬೇಕು ಎಂದು ಬರೆಸಿಕೊಂಡರು. ಹಾಗಾಗಿ ಮೆಟ್ಟಿಲ ಮೇಲಿನ ಚಪ್ಪಲಿ ಸದ್ದಿಗೆ ಮನೆಯವರ ಬೆಚ್ಚುವಿಕೆ ನಿಲ್ಲಲಿಲ್ಲ.

ಹೊಸಬನ ಬಲಗಣ್ಣಿಗೆ ಬೆಳಕು ಮಾತ್ರ ತಿಳಿಯುತ್ತಿತ್ತು, ಆಕಾರ ತಿಳಿಯುತ್ತಿರಲಿಲ್ಲ. ಒಂಬತ್ತನೆಯ ವಾರ ಅವನನ್ನು ಮನೆಗೆ ಕಳಿಸಿದರು. ಅಂದು ಕೊಂಕಪ್ಪ ಅರ್ಧ ದಿನ ರಜೆ ಹಾಕಿ ಹೋಗಿ, ಅವರ ಗಂಟುಮೂಟೆಗಳನ್ನು ಗೇಟಿನವರೆಗೆ ಹೊತ್ತು ಬಾಡಿಗೆ ಕಾರಿಗೆ ತುಂಬಿದ. ಹೊಸಬ ಒಳಗೆ ಕೂತ. ಅವನ ಹೆಂಡತಿ ಹತ್ತುವ ಮುಂಚೆ ತಿರುಗಿ ನಿಂತು ಕೊಂಕಪ್ಪನಿಗೆ ಒಂದು ಮಾತು ಹೇಳಿದಳು. ಕಾರು ಹೊರಟುಹೋಯಿತು.

ಸಂಜೆ ಊಟಕ್ಕೆ ಕೂತಾಗ ಅವನು ಅದನ್ನು ಮನೆಯವರಿಗೆ ಹೇಳಿದ. "'ನಿಮ್ಮಿಂದ ದೊಡ್ಡ ಉಪಕಾರ ಆಯ್ತಣ್ಣಾ, ಮರೆಯಲ್ಲ' ಅಂದಳು."



"ಮನಸಾರೆ ಅಂದಿದ್ದು," ಎಂದಳು ಹೆಂಡತಿ, ಅವನ ತಟ್ಟೆಗೆ ಅನ್ನ ಹಾಕುತ್ತಾ. "ನೀವು ಹೋಗಿ ಹೇಳದೇ ಇದ್ದಿದ್ರೆ ಅವನು ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿರ್ತಿದ್ದ. ಏನೂ ಸಿಗ್ತಿರ್ಲಿಲ್ಲ ಅವರಿಗೆ."

"ಗಂಡನ ಕಣ್ಣು ಹೋಗಿದೆ," ಎಂದಳು ಮುದುಕಿ. ಎಷ್ಟೋ ದಿನಗಳ ಮೇಲೆ ಅವಳು ಬಾಯಿ ತೆರೆದಿದ್ದಳು. "ಉಪಕಾರ ಅಂತಾರಾ ಯಾರಾದ್ರೂ? ಮರೆಯಲ್ಲ ಅಂದಿದ್ದು ಕೇಳಿಸ್ಲಿಲ್ವಾ ನಿಂಗೆ?"

"ಅಜ್ಜಿ, ಅವರಿಗೆ ನಮ್ಮ ಭಾಷೆಯೇ ಸರಿಯಾಗಿ ಬರಲ್ಲ. ಕೊಂಕು ಎಲ್ಲಿಂದ ಬರುತ್ತೆ?"

"ಒಂಬತ್ತು ವಾರ ನಮ್ಮೋರ ಮಧ್ಯೆ ಇದ್ದಾಳಲ್ಲ. ಕಲಿತಿರ್ತಾಳೆ."

ಮಗಳು ತಟ್ಟೆ ಪಕ್ಕಕ್ಕಿಟ್ಟು ಅಪ್ಪನ ಕಡೆ ತಿರುಗಿದಳು. "ಹೇಗೆ ಹೇಳಿದ್ರು ಅನ್ನೋದು ಮುಖ್ಯ. ಅವರು ಹೇಳಿದ ಹಾಗೇ ಒಂದು ಸಲ ಹೇಳಿ ತೋರಿಸಪ್ಪ."

ಕೊಂಕಪ್ಪ ನೆನಪಿಸಿಕೊಂಡ. ಅವಳ ಮುಖ ಕಣ್ಣ ಮುಂದೆ ಇತ್ತು; ನಗುತ್ತಿರಲಿಲ್ಲ, ಸಿಟ್ಟೂ ಇರಲಿಲ್ಲ. "ನಿಮ್ಮಿಂದ ದೊಡ್ಡ ಉಪಕಾರ ಆಯ್ತಣ್ಣಾ," ಎಂದ. ಅವನ ಬಾಯಲ್ಲಿ ಅದು ಕೊಂಕಾಗಿಯೇ ಬಂತು. ತಲೆ ಅಲ್ಲಾಡಿಸಿ, ಮೆಲ್ಲಗೆ, ಒಂದೊಂದೇ ಪದ ಬಿಡಿಸಿ ಇನ್ನೊಮ್ಮೆ ಹೇಳಿದ. ಮೊದಲಿಗಿಂತ ಹೆಚ್ಚು ಕೊಂಕಾಗಿ ಕೇಳಿಸಿತು. ಮೂವರು ಹೆಂಗಸರೂ ಉಣ್ಣುವುದನ್ನು ಬಿಟ್ಟು ಅವನ ಬಾಯನ್ನೇ ನೋಡುತ್ತಿದ್ದರು. ಮೂರನೆಯ ಸಲಕ್ಕೆ ಬಾಯಿ ತೆರೆದ, ಧ್ವನಿ ಹೊರಡಿಸದೆ ಮುಚ್ಚಿದ.

"ಹೀಗಲ್ಲ," ಎಂದ. "ಅವಳು ಹೇಳಿದ್ದು ಹೀಗಲ್ಲ."